ಕಾಸು ನಿಮ್ಮದು, ಕೀಲಿ ಅವರದು: ಗೇಮ್ ಕನ್ಸೋಲ್ ಬಳಕೆದಾರರ ಕೈಪಿಡಿ

ಅಭಿನಂದನೆಗಳು! ಹೊಸ ಗೇಮ್ ಕನ್ಸೋಲಿನ ಪೂರ್ತಿ ಹಣ ಕಟ್ಟಿ ನೀವು ಅದರ ಅರ್ಧ ಒಡೆತನ ಪಡೆದಿದ್ದೀರಿ. ಮಿಕ್ಕ ಅರ್ಧ ಯಾರ ಕೈಯಲ್ಲಿದೆ, ಅವರು ಯಾವಾಗ ಏನು ಮಾಡುತ್ತಾರೆ ಎಂದು ತಿಳಿಸುವುದು ಈ ಕೈಪಿಡಿಯ ಉದ್ದೇಶ. ಹಿಂದೆ ಕಂಪನಿಯವರೇ ದಪ್ಪನೆಯ ಕೈಪಿಡಿ ಕೊಡುತ್ತಿದ್ದರು. ಈಗ ಪೆಟ್ಟಿಗೆಯಲ್ಲಿ ಸಿಗುವುದು ಕೇಬಲ್ ಎಲ್ಲಿ ಚುಚ್ಚಬೇಕೆಂಬ ಚಿತ್ರ, ಯಂತ್ರದ ಮೇಲೆ ನೀರು ಚೆಲ್ಲಬೇಡಿ ಎಂಬ ಬುದ್ಧಿವಾದ, ಇಷ್ಟೇ. ಅಸಲಿ ಷರತ್ತುಗಳೆಲ್ಲ ಟೀವಿ ಪರದೆಯ ಮೇಲೆ ಬರುತ್ತವೆ. ಅವನ್ನು ಓದದೆ ‘ಒಪ್ಪಿಗೆ’ ಒತ್ತುವುದು ನಮ್ಮ ಸಂಪ್ರದಾಯ. ಯಾರೂ ಓದದ ಆ ಭಾಗವನ್ನು ಒಬ್ಬ ಆಟಗಾರ ಓದಿ, ತನ್ನ ಅಭಿಪ್ರಾಯಗಳನ್ನೂ ಸೇರಿಸಿ ಬರೆದದ್ದು ಇದು. ಅಭಿಪ್ರಾಯಗಳಿಗೆ ವಾರಂಟಿ ಇಲ್ಲ.

ಪೆಟ್ಟಿಗೆ ತೆರೆಯುವ ಮುನ್ನ

ಬೆಂಗಳೂರಿನಲ್ಲಿ ಲೀಸಿಗೆ ಮನೆ ಹಿಡಿದವರಿಗೆ ಕನ್ಸೋಲಿನ ಒಡೆತನ ಥಟ್ಟನೆ ಅರ್ಥವಾಗುತ್ತದೆ. ದೊಡ್ಡ ಗಂಟನ್ನು ಒಂದೇ ಸಲ ಕೊಡಬೇಕು, ಗೋಡೆಗೆ ಮೊಳೆ ಹೊಡೆಯಕೂಡದು, ಮಾಲೀಕರು ಬೇಕಾದಾಗ ಬಂದು ಇಣುಕಬಹುದು. ವ್ಯತ್ಯಾಸ ಒಂದೇ. ಲೀಸು ಮುಗಿದ ಮೇಲೆ ಮನೆ ಮಾಲೀಕರು ಗಂಟು ವಾಪಸು ಕೊಡಬೇಕು.

ಆದ್ದರಿಂದ ಮೊದಲು ತಿಳಿಯತಕ್ಕದ್ದು: ಪ್ಲಾಸ್ಟಿಕ್ ನಿಮ್ಮದು. ಒಳಗಿನ ಸಾಫ್ಟ್‌ವೇರ್ ನಿಮ್ಮದಲ್ಲ, ಬಳಸಲು ಅನುಮತಿ ಮಾತ್ರ ಇದೆ. ಡೌನ್‌ಲೋಡ್ ಮಾಡಿಕೊಂಡ ಆಟಕ್ಕೂ ಇದೇ ನಿಯಮ. ಇದು ನನ್ನ ಕೊಂಕು ಮಾತಲ್ಲ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಒಂದು ಕಾನೂನು ಜಾರಿಯಲ್ಲಿದೆ. ಗ್ರಾಹಕರಿಗೆ ಸಿಗುವುದು ಬರೀ ಪರವಾನಗಿ ಎಂದು ಸ್ಪಷ್ಟವಾಗಿ ಹೇಳದೆ ಡಿಜಿಟಲ್ ಅಂಗಡಿಗಳು ‘ಕೊಳ್ಳಿ’ ಎಂಬ ಗುಂಡಿ ತೋರಿಸುವಂತಿಲ್ಲ. ಅಂದರೆ ಅಷ್ಟು ವರ್ಷ ನಾವು ಒತ್ತಿದ್ದು ಬೇರೆ ಯಾವುದೋ ಗುಂಡಿಯನ್ನು.

ಡಿಸ್ಕ್ ಕೊಂಡವರು ಬೀಗುವುದು ಬೇಡ. ಯೂಬಿಸಾಫ್ಟ್ ಕಂಪನಿಯ ‘ದ ಕ್ರೂ’ ಎಂಬ ಕಾರು ರೇಸಿನ ಆಟವನ್ನು ಒಬ್ಬರೇ ಆಡಿದರೂ ಸರ್ವರ್ ಬೇಕಾಗಿತ್ತು. 2024ರ ಮಾರ್ಚ್ 31ರಂದು ಕಂಪನಿ ಸರ್ವರ್ ನಿಲ್ಲಿಸಿತು. ಅಂದಿನಿಂದ ಅದರ ಡಿಸ್ಕನ್ನು ಕಾಫಿ ಲೋಟದಡಿಗೆ ಇಟ್ಟುಕೊಳ್ಳಬಹುದು. ಯಂತ್ರಕ್ಕೂ ಅಂಥ ಗತಿ ಬರಬಹುದೇ ಎನ್ನುವವರು ನಿಂಟೆಂಡೋ 2025ರ ಮೇ ತಿಂಗಳಲ್ಲಿ ಅಮೆರಿಕದ ಗ್ರಾಹಕರಿಗೆ ತಿದ್ದಿ ಕೊಟ್ಟ ಒಪ್ಪಂದ ನೋಡಬೇಕು. ಷರತ್ತು ಮೀರಿದರೆ ಸಾಧನವನ್ನು ಭಾಗಶಃ ಅಥವಾ ಪೂರ್ತಿ, ಶಾಶ್ವತವಾಗಿ ಬಳಸಲಾಗದಂತೆ ಮಾಡಬಹುದೆಂಬ ಅರ್ಥದ ಸಾಲು ಅದರಲ್ಲಿ ಸೇರಿತು. ಸ್ವಿಚ್ 2 ಅಂಗಡಿಗೆ ಬಂದದ್ದು ಜೂನ್ 5ಕ್ಕೆ. ಮಗು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ಇಲ್ಲಿ ಹೊಲಿಸಿದ್ದು ಕುಲಾವಿಯನ್ನಲ್ಲ.

ಪೆಟ್ಟಿಗೆಯಲ್ಲಿ ಇರುವುದು, ಇಲ್ಲದಿರುವುದು

ಕನ್ಸೋಲ್ ಒಂದು, ಕಂಟ್ರೋಲರ್ ಒಂದು, ಪವರ್ ಕಾರ್ಡ್ ಒಂದು. ಎರಡನೇ ಕಂಟ್ರೋಲರ್ ಇಲ್ಲ. ತಮ್ಮನಿಗೆ ಕಾಯಲು ಹೇಳತಕ್ಕದ್ದು.

2024ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 5 ಪ್ರೊ ಬೆಲೆ ಆಗ ಅಮೆರಿಕದಲ್ಲಿ 699.99 ಡಾಲರ್ ಇತ್ತು. ಆ ಬೆಲೆಯಲ್ಲಿ ಡಿಸ್ಕ್ ಡ್ರೈವ್ ಇರಲಿಲ್ಲ. ಅದು ಬೇಕೆಂದರೆ 79.99 ಡಾಲರ್ ಬೇರೆ. ಯಂತ್ರ ನೆಟ್ಟಗೆ ನಿಲ್ಲಲು ಸ್ಟ್ಯಾಂಡ್ ಬೇಕೆಂದರೆ 29.99 ಡಾಲರ್ ಇನ್ನೂ ಬೇರೆ. ಡಿಸ್ಕ್ ಡ್ರೈವ್ ಕೊಂಡು ತಂದು ಸಿಕ್ಕಿಸಿದ ಮಾತ್ರಕ್ಕೆ ಅದು ಕೆಲಸ ಮಾಡುವುದಿಲ್ಲ. ಒಮ್ಮೆ ಇಂಟರ್ನೆಟ್ ಮೂಲಕ ಕಂಪನಿಗೆ ವರದಿ ಮಾಡಿ, ಆ ಡ್ರೈವು ಆ ಯಂತ್ರಕ್ಕೇ ಜೋಡಿ ಎಂದು ನೋಂದಾಯಿಸಬೇಕು. ಇಂಟರ್ನೆಟ್ ಇಲ್ಲದ ಕಡೆ ಆಡಲೆಂದೇ ಡಿಸ್ಕ್ ಕೊಳ್ಳುವವರು ಈ ಮಾತನ್ನು ಎರಡು ಸಲ ಓದಿಕೊಳ್ಳಿ.

ಯಂತ್ರದ ಹೊರಗಿನ ಹೊದಿಕೆಯಾದರೂ ನಮ್ಮದೇ? ಮೊದಲ ಪ್ಲೇಸ್ಟೇಷನ್ 5ರ ಎರಡು ಬಿಳಿ ರೆಕ್ಕೆಗಳು ಕೈಯಲ್ಲಿ ಎಳೆದರೆ ಬಿಚ್ಚಿಕೊಳ್ಳುತ್ತವೆ, ಸ್ಕ್ರೂಡ್ರೈವರ್ ಕೂಡ ಬೇಡ. ಯಂತ್ರ ಮಾರುಕಟ್ಟೆಗೆ ಬಂದ 2020ರಲ್ಲೇ ಒಂದು ಸಣ್ಣ ಕಂಪನಿ ಬಣ್ಣಬಣ್ಣದ ರೆಕ್ಕೆಗಳನ್ನು ಮಾರಲು ಹೊರಟಿತು. ಸೋನಿಯ ವಕೀಲರ ಪತ್ರ ಬಂತು, ಅಂಗಡಿ ಬಾಗಿಲು ಹಾಕಿತು. ಮರುವರ್ಷ ಡಿಬ್ರ್ಯಾಂಡ್ ಎಂಬ ಕೆನಡಾದ ಕಂಪನಿ, ತಾಕತ್ತಿದ್ದರೆ ಕೇಸು ಹಾಕಿ ಎಂದು ಬಹಿರಂಗವಾಗಿ ತೊಡೆತಟ್ಟಿ ಕಪ್ಪು ರೆಕ್ಕೆ ಮಾರಿತು. ವಕೀಲರ ಪತ್ರ ಬಂದ ಮೇಲೆ ಆ ನಮೂನೆ ಹಿಂತೆಗೆದುಕೊಂಡಿತು. ಇಷ್ಟೆಲ್ಲ ಆದ ಮೇಲೆ 2022ರ ಜನವರಿಯಲ್ಲಿ ಕಪ್ಪು ರೆಕ್ಕೆ ಅಂಗಡಿಗೆ ಬಂತು. 54.99 ಡಾಲರ್. ಮಾರಿದವರು ಸೋನಿ. ಕಪ್ಪು ಬಣ್ಣದ ಮೇಲೆ ಅವರಿಗೆ ಸಿಟ್ಟಿರಲಿಲ್ಲ ಎಂಬುದು ಗ್ರಾಹಕರ ಗಮನಕ್ಕೆ.

ಬೀಗದ ಪರಿಚಯ

ಈ ಭಾಗ ಸ್ವಲ್ಪ ಉದ್ದ, ಚಹಾ ತಂದು ಕೂರಿ. ಆಟದ ಪೆಟ್ಟಿಗೆಗಳಿಗೆ ಮೊದಲು ಬೀಗವಿರಲಿಲ್ಲ. ಅಟಾರಿ ಯಂತ್ರಕ್ಕೆ ಯಾರು ಬೇಕಾದರೂ ಆಟ ಮಾಡಿ ಮಾರಬಹುದಿತ್ತು, ಮಾರಿದರು ಕೂಡ. ಕಸ ತುಂಬಿ 1983ರ ಹೊತ್ತಿಗೆ ಅಮೆರಿಕದ ಮಾರುಕಟ್ಟೆಯೇ ಕುಸಿಯಿತು. ಅಟಾರಿಯವರು ಮಾರಾಟವಾಗದ ಕಾರ್ಟ್ರಿಡ್ಜ್‌ಗಳನ್ನು ನ್ಯೂ ಮೆಕ್ಸಿಕೋದ ಅಲಮೊಗೊರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತರು ಎಂಬ ಮಾತಿತ್ತು. 2014ರಲ್ಲಿ ಅಗೆದು ನೋಡಿದರೆ ನಿಜವಾಗಿಯೂ ಸಿಕ್ಕವು.

ಮಾರುಕಟ್ಟೆ ಕುಸಿದ ಎರಡು ವರ್ಷದ ನಂತರ ನಿಂಟೆಂಡೋ ಅಮೆರಿಕಕ್ಕೆ ಕಾಲಿಟ್ಟಾಗ ತನ್ನ ಎನ್‌ಇಎಸ್ ಯಂತ್ರದಲ್ಲಿ ಒಂದು ಪುಟ್ಟ ಚಿಪ್ ಇಟ್ಟಿತು. ಅದರ ಜೋಡಿ ಚಿಪ್ ಪ್ರತಿ ಕಾರ್ಟ್ರಿಡ್ಜ್‌ನಲ್ಲೂ ಇರಬೇಕು. ಆಟ ನಡೆಯುವಷ್ಟು ಹೊತ್ತೂ ಎರಡೂ ಒಂದೇ ತಾಳದಲ್ಲಿ ಸಂಕೇತ ಕಳಿಸಿಕೊಳ್ಳುತ್ತಿರಬೇಕು. ತಾಳ ತಪ್ಪಿದರೆ ಯಂತ್ರ ಸೆಕೆಂಡಿಗೊಮ್ಮೆ ರೀಸೆಟ್ ಆಗುತ್ತದೆ, ಕೆಂಪು ದೀಪ ಮಿಣುಕುತ್ತಲೇ ಇರುತ್ತದೆ. ಕಾರ್ಟ್ರಿಡ್ಜ್ ತಯಾರಿಸುವ ಅಧಿಕಾರವನ್ನೂ ನಿಂಟೆಂಡೋ ತನ್ನ ಬಳಿಯೇ ಇಟ್ಟುಕೊಂಡಿತು. ಬೇರೆ ಕಂಪನಿಗಳು ವರ್ಷಕ್ಕೆ ಐದೇ ಆಟ ಬಿಡಬೇಕು ಎಂದಿತು. ಕೊನಾಮಿ ಕಂಪನಿ ‘ಅಲ್ಟ್ರಾ’ ಎಂಬ ಇನ್ನೊಂದು ಹೆಸರಿನಲ್ಲಿ ಅಂಗಡಿ ತೆರೆದು ಇನ್ನೂ ಐದು ಬಿಟ್ಟಿತು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಎಲ್ಲ ದೇಶದಲ್ಲೂ ಇದ್ದಾರೆ. ಅಟಾರಿ ಗೇಮ್ಸ್‌ನವರಂತೂ ಕೋರ್ಟು ಕೆಲಸಕ್ಕೆ ಬೇಕು ಎಂದು ಸುಳ್ಳು ಹೇಳಿ ಅಮೆರಿಕದ ಕಾಪಿರೈಟ್ ಕಚೇರಿಯಿಂದಲೇ ಆ ಬೀಗದ ಕೋಡ್ ತರಿಸಿಕೊಂಡರು. 1992ರಲ್ಲಿ ಕೋರ್ಟು ಅವರ ವಿರುದ್ಧ ನಿಂತಿತು.

ಈ ಚಿಪ್ಪಿನ ತಮಾಷೆ ಏನೆಂದರೆ, ಕಾರ್ಟ್ರಿಡ್ಜ್ ಕೂರುವ ಕನೆಕ್ಟರಿನಲ್ಲಿ ಕೊಂಚ ಧೂಳು ಕೂತರೂ ಎರಡು ಚಿಪ್‌ಗಳ ಸಂಪರ್ಕ ತಪ್ಪುತ್ತಿತ್ತು. ದುಡ್ಡು ಕೊಟ್ಟು ತಂದ ಅಸಲಿ ಆಟವೂ ಮಿಣುಕತೊಡಗುತ್ತಿತ್ತು. ಆಗ ಯಂತ್ರ ಬಿಚ್ಚಿ ಆ ಚಿಪ್ಪಿನ ನಾಲ್ಕನೇ ಕಾಲು ಕತ್ತರಿಸಿದರೆ ಕಾಟ ತಪ್ಪುತ್ತದೆಂದು ರಿಪೇರಿಯವರು ಕಂಡುಕೊಂಡರು. ಕಳ್ಳನಿಗೆಂದು ಹಾಕಿದ ಬೀಗ ಮನೆಯವರನ್ನೇ ಹೊರಗೆ ನಿಲ್ಲಿಸಿದ ಪ್ರಸಂಗ ಇದು.

ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ‘ಟೀವಿ ಗೇಮ್’ ಎಂದು ಮನೆಮನೆಗೆ ಬಂದ ಪೆಟ್ಟಿಗೆಗಳಿಗೆ ಈ ಕಾಟವಿರಲಿಲ್ಲ. ಅವು ಬಹುಪಾಲು ಜಪಾನಿನಲ್ಲಿ 1983ರಲ್ಲಿ ಬಂದ ಫ್ಯಾಮಿಕಾಮ್ ಯಂತ್ರದ ನಕಲುಗಳು. ಫ್ಯಾಮಿಕಾಮ್‌ಗೆ ಆ ಚಿಪ್ಪೇ ಇರಲಿಲ್ಲ. ಹಾಗಾಗಿ ಯಾವ ಕ್ಯಾಸೆಟ್ಟು ಹಾಕಿದರೂ ಓಡುತ್ತಿತ್ತು. ಮೇಲೆ ‘9999 ಇನ್ 1’ ಎಂದು ಬರೆದಿರುತ್ತಿತ್ತು, ಒಳಗೆ ಮಾರಿಯೋ, ಕಾಂಟ್ರಾ, ಬಾತುಕೋಳಿ ಹೊಡೆಯುವುದು, ಟ್ಯಾಂಕ್ ಗೇಮ್, ಮತ್ತೆ ಅವೇ ಆಟಗಳು ಬೇರೆ ಹೆಸರಿನಲ್ಲಿ. ಓಡದಿದ್ದರೆ ಬಾಯಿಟ್ಟು ಉಫ್ ಎಂದು ಊದಿ ಹಾಕುವುದು. (ಊದುವುದರಿಂದ ಎಂಜಲಿನ ತೇವ ತಗುಲಿ ಕಾಲಕ್ರಮೇಣ ಕಿಲುಬು ಹಿಡಿಯುತ್ತದೆಯೇ ಹೊರತು ಪ್ರಯೋಜನವಿಲ್ಲ. ಮತ್ತೊಮ್ಮೆ ತೆಗೆದು ಹಾಕಿದ್ದಕ್ಕೇ ಓಡುತ್ತಿದ್ದದ್ದು. ಆದರೂ ಊದದೆ ಹಾಕುವ ಧೈರ್ಯ ಯಾರಿಗಿತ್ತು?) ಮುಂದೆ ಪ್ಲೇಸ್ಟೇಷನ್ 2 ಕಾಲಕ್ಕೆ ಚಿಪ್ ಎಂದರೆ ಬೀಗ ಮುರಿದು ನಕಲಿ ಡಿಸ್ಕ್ ಓಡಿಸುವಂಥದು. ಅಂಗಡಿಯವರು ಮೊದಲು ಕೇಳುತ್ತಿದ್ದ ಪ್ರಶ್ನೆಯೇ, “ಚಿಪ್ ಹಾಕಿರೋದು ಬೇಕಾ, ಹಾಕದೇ ಇರೋದಾ?” ಅಸಲಿ ಡಿಸ್ಕಿಗೆ ಸಾವಿರಗಟ್ಟಲೆ, ಮೆಜೆಸ್ಟಿಕ್ಕಿನಲ್ಲಿ ಸಿಗುವ ನಕಲಿಗೆ ನೂರರ ಆಜುಬಾಜು. ಉತ್ತರ ಏನೆಂದು ಬರೆಯಬೇಕಿಲ್ಲ.

ಕಂಪನಿಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಪ್ಲೇಸ್ಟೇಷನ್ 3ನ್ನು ಸೋನಿ ಶುರುವಿನಲ್ಲಿ ತಯಾರಿಕಾ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಮಾರಿತು, ಆ ನಷ್ಟ ತುಂಬಬೇಕಾದದ್ದು ಆಟಗಳಿಂದ. ನಕಲಿ ತಡೆಯಲು ಬೀಗ ಬೇಕು, ಒಪ್ಪುತ್ತೇನೆ. ನನ್ನ ತಕರಾರು ಆ ಬೀಗ ಆಟದ ಬಾಗಿಲು ಬಿಟ್ಟು ಸ್ಕ್ರೂ, ಬ್ಯಾಟರಿ, ಡ್ರೈವು, ರೆಕ್ಕೆಗಳವರೆಗೆ ಹಬ್ಬಿದ್ದರ ಬಗ್ಗೆ.

ಅಪ್‌ಡೇಟ್ ಮಾಡುವ ವಿಧಾನ

ಆಡಲು ಕೂತಾಗಲೇ ಅಪ್‌ಡೇಟ್ ಬರತಕ್ಕದ್ದು. ‘ಸ್ಥಿರತೆ ಹೆಚ್ಚಿಸಲಾಗಿದೆ’ ಎಂದಷ್ಟೇ ಬರೆದಿರುತ್ತದೆ. ಯಾರ ಸ್ಥಿರತೆ ಎಂದು ಕೇಳಕೂಡದು.

ಅಪ್‌ಡೇಟ್ ಎಂದರೆ ಸದಾ ಏನಾದರೂ ಸೇರುತ್ತದೆ ಎಂದುಕೊಳ್ಳಬೇಡಿ. ಪ್ಲೇಸ್ಟೇಷನ್ 3 ಬಂದಾಗ ಅದರಲ್ಲಿ ಲಿನಕ್ಸ್ ಹಾಕಿಕೊಂಡು ಕಂಪ್ಯೂಟರಿನಂತೆ ಬಳಸುವ ಸೌಲಭ್ಯವಿತ್ತು, ಕಂಪನಿಯೇ ಅದನ್ನು ಹೇಳಿಕೊಂಡು ಮಾರಿತ್ತು. ಅಮೆರಿಕದ ವಾಯುಪಡೆಯ ಸಂಶೋಧನಾಲಯದವರು ಸುಮಾರು 1,760 ಪ್ಲೇಸ್ಟೇಷನ್‌ಗಳನ್ನು ಜೋಡಿಸಿ ಸೂಪರ್ ಕಂಪ್ಯೂಟರ್ ಕಟ್ಟಿದ್ದು ಈ ಸೌಲಭ್ಯ ನಂಬಿಯೇ. 2010ರ ಏಪ್ರಿಲ್ 1ರಂದು ಬಂದ 3.21 ಅಪ್‌ಡೇಟ್ ಆ ಸೌಲಭ್ಯವನ್ನು ಕಿತ್ತುಹಾಕಿತು. ತಾರೀಕು ನೋಡಿ ಎಷ್ಟೋ ಜನ ತಮಾಷೆ ಎಂದುಕೊಂಡರಂತೆ. ಅಪ್‌ಡೇಟ್ ಬೇಡವೆಂದರೆ ಆನ್‌ಲೈನ್ ಆಟವಿಲ್ಲ, ಬೇಕೆಂದರೆ ಲಿನಕ್ಸ್ ಇಲ್ಲ. ಅತ್ತ ದರಿ, ಇತ್ತ ಪುಲಿ. ಮೊಕದ್ದಮೆ ವರ್ಷಗಟ್ಟಲೆ ಎಳೆದು, ಕೊನೆಗೆ 2018ರಲ್ಲಿ ಅರ್ಹ ಗ್ರಾಹಕರಿಗೆ ತಲಾ 65 ಡಾಲರ್‌ವರೆಗೆ ಕೊಡುವ ರಾಜಿಯಾಯಿತು. ಅಷ್ಟರಲ್ಲಿ ಪ್ಲೇಸ್ಟೇಷನ್ 4 ಬಂದು ಐದು ವರ್ಷವಾಗುತ್ತಾ ಬಂದಿತ್ತು.

ಪ್ಲೇಸ್ಟೇಷನ್ 4ರದ್ದು ಇನ್ನೂ ಸೊಗಸು. ಒಳಗೆ ಗಡಿಯಾರಕ್ಕೆಂದು ನಾಣ್ಯದಾಕಾರದ ಸಣ್ಣ ಬ್ಯಾಟರಿ ಇದೆ, ಕಂಪ್ಯೂಟರ್ ಬೋರ್ಡಿನಲ್ಲಿ ಇರುವಂಥದೇ. ಅದು ಸತ್ತು, ಆ ಹೊತ್ತಿಗೆ ಕಂಪನಿಯ ಸರ್ವರ್ ಕೂಡ ಸಿಗದಿದ್ದರೆ ಯಂತ್ರ ತನ್ನೊಳಗಿನ ಡಿಸ್ಕ್ ಆಟವನ್ನೂ ಆಡಿಸುತ್ತಿರಲಿಲ್ಲ. ಗಡಿಯಾರ ತಿದ್ದಿ ಯಾರಾದರೂ ಮೋಸದಿಂದ ಟ್ರೋಫಿ ಗಳಿಸಿಬಿಟ್ಟರೆ ಎಂಬ ಆತಂಕವೇ ಕಾರಣ ಎಂದು ಶೋಧಿಸಿದವರು ಹೇಳಿದರು. ಟ್ರೋಫಿ ಎಂದರೆ ಪರದೆಯ ಮೂಲೆಯಲ್ಲಿ ಮೂಡುವ ಚಿತ್ರ. ಅದರ ಪಾವಿತ್ರ್ಯ ಕಾಪಾಡಲು ಇಡೀ ಯಂತ್ರವನ್ನು ಒತ್ತೆ ಇಡಲಾಗಿತ್ತು. 2021ರ ಸೆಪ್ಟೆಂಬರಿನ 9.00 ಅಪ್‌ಡೇಟ್ ಇದನ್ನು ಸರಿಪಡಿಸಿತು. ಅದರ ಜೊತೆ ಬಂದ ಟಿಪ್ಪಣಿಯಲ್ಲಿ ಈ ವಿಷಯವಿರಲಿಲ್ಲ.

ಆಟವನ್ನು ಗೆಳೆಯನಿಗೆ ಕೊಡುವುದು

2013ರಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್ ದಿನಕ್ಕೊಮ್ಮೆಯಾದರೂ ಇಂಟರ್ನೆಟ್ಟಿಗೆ ಹಾಜರಿ ಹಾಕಬೇಕು, ಆಡಿದ ಡಿಸ್ಕನ್ನು ಬೇರೆಯವರಿಗೆ ಕೊಡಲು ಕಟ್ಟಳೆಗಳಿವೆ ಎಂದಿತು. ಸೋನಿಯವರು ಅರ್ಧ ನಿಮಿಷವೂ ಇಲ್ಲದ ಒಂದು ‘ಅಧಿಕೃತ ಸೂಚನಾ ವಿಡಿಯೋ’ ಬಿಟ್ಟರು. ಮೊದಲ ಹೆಜ್ಜೆ, ಆಟ ಹಂಚಿಕೊಳ್ಳಿ. ಸೋನಿಯ ಅಧಿಕಾರಿ ಶೂಹೇ ಯೊಶಿದಾ ಡಿಸ್ಕಿನ ಡಬ್ಬಿಯನ್ನು ಪಕ್ಕದಲ್ಲಿದ್ದ ಸಹೋದ್ಯೋಗಿ ಆಡಂ ಬಾಯ್ಸ್ ಕೈಗೆ ಕೊಡುತ್ತಾರೆ, ಅವರು ಥ್ಯಾಂಕ್ಸ್ ಎನ್ನುತ್ತಾರೆ. ಎರಡನೇ ಹೆಜ್ಜೆ ಇಲ್ಲ. ಕೈಪಿಡಿ ಸಾಹಿತ್ಯದಲ್ಲಿ ಇದಕ್ಕಿಂತ ಉತ್ತಮ ಕೃತಿ ನಾನು ಕಂಡಿಲ್ಲ. ಒಂದೂವರೆ ವಾರದೊಳಗೆ ಮೈಕ್ರೋಸಾಫ್ಟ್ ನಿಯಮ ಹಿಂತೆಗೆದುಕೊಂಡಿತು. ಅದೇ ಸೋನಿ ಹನ್ನೊಂದು ವರ್ಷದ ನಂತರ ಡಿಸ್ಕ್ ಹಾಕುವ ತೂತನ್ನೇ ಬೇರೆ ಮಾರಿದ್ದನ್ನು ಮೇಲೆ ಓದಿದ್ದೀರಿ.

ವಿಮರ್ಶೆ ಓದುವ ಕ್ರಮ

ಆಟದ ವಿಮರ್ಶೆಯಲ್ಲಿ ಎರಡು ಭಾಗ: ಎರಡು ಸಾವಿರ ಪದ, ಒಂದು ಅಂಕಿ. ಪದಗಳನ್ನು ಯಾರೂ ಓದುವುದಿಲ್ಲ. ಅಂಕಿಯನ್ನು ಹೀಗೆ ಅರ್ಥಮಾಡಿಕೊಳ್ಳತಕ್ಕದ್ದು. ಹತ್ತಕ್ಕೆ ಹತ್ತು ಎಂದರೆ ಈ ಆಟದ ಹಿಂದಿನ ಭಾಗವನ್ನು ವಿಮರ್ಶಕರು ಚಿಕ್ಕಂದಿನಲ್ಲಿ ಆಡಿದ್ದರು. ಒಂಬತ್ತು ಎಂದರೆ ಆಟ ದೊಡ್ಡ ಕಂಪನಿಯದು. ಎಂಟು ಎಂದರೆ ಚೆನ್ನಾಗಿದೆ. ಏಳು ಎಂದರೆ ಚೆನ್ನಾಗಿಲ್ಲ. ಆರು ಎಂದರೆ ವಿಮರ್ಶಕರು ಬೇರೆ ಕೆಲಸ ಹುಡುಕುತ್ತಿದ್ದಾರೆ.

ಕೊನೆಯದು ತಮಾಷೆಗೆ ಬರೆದದ್ದಲ್ಲ. 2007ರ ನವೆಂಬರಿನಲ್ಲಿ ಗೇಮ್‌ಸ್ಪಾಟ್ ಜಾಲತಾಣದ ವಿಮರ್ಶಕ ಜೆಫ್ ಗರ್ಸ್ಟ್‌ಮನ್ ‘ಕೇನ್ ಅಂಡ್ ಲಿಂಚ್’ ಎಂಬ ಆಟಕ್ಕೆ 6 ಕೊಟ್ಟರು. ಅದೇ ಆಟದ ಜಾಹೀರಾತು ಅದೇ ಜಾಲತಾಣದ ತುಂಬ ರಾರಾಜಿಸುತ್ತಿತ್ತು. ಕೆಲವೇ ದಿನಗಳಲ್ಲಿ ಅವರ ಕೆಲಸ ಹೋಯಿತು. ಜಾಹೀರಾತುದಾರರ ಒತ್ತಡದ ಸಂಗತಿಯನ್ನು ಅವರು ಬಾಯಿಬಿಟ್ಟು ಹೇಳಲು 2012ರವರೆಗೆ ಕಾಯಬೇಕಾಯಿತು. ಉಪ್ಪು ತಿಂದವರು ನೀರು ಕುಡಿಯಬೇಕು ಎಂಬ ಗಾದೆಯಲ್ಲಿ ಉಪ್ಪು ಬಡಿಸಿದವರ ಹೆಸರು ಇರುವುದಿಲ್ಲ.

ಅಂಕಿಯ ಏಟು ಆಟ ಮಾಡಿದವರಿಗೂ ಬೀಳುತ್ತದೆ. ‘ಫಾಲೌಟ್: ನ್ಯೂ ವೇಗಸ್’ ಮಾಡಿದ ಅಬ್ಸಿಡಿಯನ್ ತಂಡಕ್ಕೆ, ಹತ್ತಾರು ವಿಮರ್ಶೆಗಳ ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಎಂಬ ಕರಾರಿತ್ತು. ಬಂದದ್ದು 84. ಬೋನಸ್ ಇಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಒಂದು ಅಂಕಕ್ಕೆ ಕ್ಲಾಸ್ ತಪ್ಪಿದರೆ ಮರು ಎಣಿಕೆಗಾದರೂ ಹಾಕಬಹುದು. ಅಷ್ಟು ತೂಕದ ಅಂಕಿಗಳನ್ನು ಕೊಡುವ ಕಾರಣಗಳನ್ನೂ ನೋಡಿ. 2014ರಲ್ಲಿ ಐಜಿಎನ್ ಜಾಲತಾಣ ಒಂದು ಪೋಕೆಮಾನ್ ಆಟಕ್ಕೆ 7.8 ಕೊಟ್ಟು, ಅದರ ಕೊರತೆಗಳಲ್ಲಿ ‘ನೀರು ಜಾಸ್ತಿ’ ಎಂದೂ ಪಟ್ಟಿ ಮಾಡಿತ್ತು. ಅಂಥ ದೂರನ್ನು ಮಂಡ್ಯದಲ್ಲಿ ಯಾರೂ ಕೊಟ್ಟದ್ದು ಗೊತ್ತಿಲ್ಲ.

ಇನ್ನು ವಿಮರ್ಶೆಗೆ ಯಾವ ಪ್ರತಿ ಕೊಟ್ಟಿದ್ದಾರೆ ಎಂದು ತಪ್ಪದೆ ನೋಡಿ. ‘ಸೈಬರ್‌ಪಂಕ್ 2077’ 2020ರ ಡಿಸೆಂಬರ್ 10ರಂದು ಬಂತು. ಅದಕ್ಕೆ ಮುಂಚೆ ವಿಮರ್ಶಕರ ಕೈಗೆ ಸಿಕ್ಕಿದ್ದು ಪಿಸಿ ಆವೃತ್ತಿ ಮಾತ್ರ. ತಾವು ಆಡಿದ ದೃಶ್ಯಗಳನ್ನು ತೋರಿಸುವಂತೆಯೂ ಇರಲಿಲ್ಲ. ಹೊಗಳಿಕೆ ಓದಿ ಪ್ಲೇಸ್ಟೇಷನ್ 4ಕ್ಕೆ ಕೊಂಡವರಿಗೆ ಕಂಡದ್ದು ಮುಖವಿಲ್ಲದ ಮನುಷ್ಯರು, ತಡವರಿಸುವ ಚಿತ್ರ, ಮತ್ತೆ ಮತ್ತೆ ನಿಂತುಹೋಗುವ ಆಟ. ಸುಮಾರು ಒಂದು ವಾರದಲ್ಲಿ ಸೋನಿ ತನ್ನ ಅಂಗಡಿಯಿಂದಲೇ ಆಟವನ್ನು ತೆಗೆದು ಹಣ ವಾಪಸು ಕೊಡತೊಡಗಿತು. ಇಲ್ಲಿ ವಿಮರ್ಶಕರು ಸುಳ್ಳು ಹೇಳಿದರು ಎನ್ನಲಾಗದು. ಅವರಿಗೆ ತೋರಿಸಿದ್ದನ್ನು ಬರೆದರು. ತೋರಿಸದೆ ಇದ್ದದ್ದರ ಬಗ್ಗೆ ಇನ್ನೂ ಗಟ್ಟಿಯಾಗಿ ಬರೆಯಬೇಕಿತ್ತು.

ಯಂತ್ರಗಳ ವಿಮರ್ಶೆ ಇನ್ನೂ ಬಡಪಾಯಿ. ಕಂಪನಿ ಕಳಿಸಿದ ಕನ್ಸೋಲನ್ನು ವಾರ ಬಳಸಿ, ಸದ್ದು ಕಡಿಮೆ, ಲೋಡಿಂಗ್ ವೇಗ, ಕಂಟ್ರೋಲರ್ ಕೈಗೆ ಹಿತ ಎಂದು ಬರೆಯುತ್ತಾರೆ. ಹೊಸ ಕಂಟ್ರೋಲರ್ ಹಿತವಾಗಿರದೆ ಏನು? ಒಂದು ವರ್ಷದ ನಂತರ ಅದೇ ಕಂಟ್ರೋಲರಿನ ವಿಮರ್ಶೆ ಬರಲಿ. ಸರ್ವರ್ ನಿಂತರೆ ಏನೇನು ಓಡುತ್ತದೆ, ಯಾವ ಭಾಗ ಬದಲಿಸಬಹುದು ಎಂಬ ಪಟ್ಟಿ ಬರಲಿ. ಕನ್ನಡದಲ್ಲಿ ಯೂಟ್ಯೂಬಿನಲ್ಲಿ ಸ್ವಂತ ದುಡ್ಡಿನಿಂದ ಕೊಂಡು ಆಡಿ ಬೈಯುವ ಹುಡುಗರ ಮಾತಿನ ಮೇಲೆ ನನಗೆ ಹೆಚ್ಚು ನಂಬಿಕೆ. ಕಳೆದುಕೊಂಡ ದುಡ್ಡಿನ ಸಿಟ್ಟು ದನಿಯಲ್ಲೇ ಗೊತ್ತಾಗುತ್ತದೆ.

ದೋಷ ಮತ್ತು ಪರಿಹಾರ

ಲಕ್ಷಣ: ನೀವು ಮುಟ್ಟದಿದ್ದರೂ ಆಟದ ನಾಯಕ ತಾನಾಗಿಯೇ ಎಡಕ್ಕೆ ನಡೆಯುತ್ತಿದ್ದಾನೆ.

ಇದಕ್ಕೆ ಡ್ರಿಫ್ಟ್ ಎನ್ನುತ್ತಾರೆ. ನಾಯಕನಿಗೆ ಮನೆ ನೆನಪಾದದ್ದಲ್ಲ. ನನ್ನ ಕಂಟ್ರೋಲರಿಗೆ ಈ ರೋಗ ಬಂದಾಗ (ಕಂಪನಿಯ ಹೆಸರು ಬೇಡ, ಎಲ್ಲರ ಮನೆ ದೋಸೆಯೂ ತೂತೇ) ಬೆಂಗಳೂರಿನ ಎಸ್‌ಪಿ ರಸ್ತೆಯ ಒಂದು ಮಳಿಗೆಯಲ್ಲಿ ಬಿಚ್ಚಿಸಿದೆ. “ಅನಲಾಗ್ ಹೋಗಿದೆ ಸಾರ್,” ಎಂದ ರಿಪೇರಿ ಹುಡುಗ ಬೋರ್ಡಿನಿಂದ ಆ ಸ್ಟಿಕ್ಕಿನ ಚೌಕಾಕಾರದ ಡಬ್ಬಿಯನ್ನು ಕಳಚಿ ಅಂಗೈಯಲ್ಲಿಟ್ಟು ತೋರಿಸಿದ. ಎರಡು ಬದಿಯಲ್ಲಿ ಎರಡು ಪುಟ್ಟ ಮುಚ್ಚಳ. ತೆಗೆದರೆ ಒಳಗೆ ಕರಿಯ ಕಾರ್ಬನ್ ಪಟ್ಟಿ, ಅದರ ಮೇಲೆ ಜಾರುವ ಕೂದಲೆಳೆಯಂಥ ಲೋಹದ ನಾಲಗೆ. ಉಜ್ಜಿ ಉಜ್ಜಿ ಪಟ್ಟಿಯ ನಡುವೆ ಹೊಳೆಯುವ ಗೆರೆ ಬಿದ್ದಿತ್ತು, ಅಂಚಿನಲ್ಲಿ ಕಾಡಿಗೆಯಂಥ ಪುಡಿ. “ಇದೇ ಹಾಕ್ಲಾ, ಮ್ಯಾಗ್ನೆಟ್‌ದು ಹಾಕ್ಲಾ? ಮ್ಯಾಗ್ನೆಟ್‌ದು ಸವೆಯಲ್ಲ ಸಾರ್.”

ಸವೆಯದ ಈ ಮ್ಯಾಗ್ನೆಟ್ ಸ್ಟಿಕ್ಕು ಹೊಸ ಆವಿಷ್ಕಾರವಲ್ಲ. ಸೆಗಾ ಕಂಪನಿ 1998ರ ಡ್ರೀಮ್‌ಕಾಸ್ಟ್ ಕಂಟ್ರೋಲರಿನಲ್ಲೇ ಆಯಸ್ಕಾಂತದ ಸೆನ್ಸರ್ ಬಳಸಿತ್ತು. ಎರಡು ದಶಕದ ನಂತರವೂ ದೊಡ್ಡ ಮೂರು ಕಂಪನಿಗಳು ಉಜ್ಜುವ ಪಟ್ಟಿಯನ್ನೇ ಕೊಟ್ಟವು. ಪಟ್ಟಿ ಅಗ್ಗ ಎಂಬುದು ಒಂದು ಕಾರಣ. ಕಂಟ್ರೋಲರ್ ಸವೆದರೆ ಇನ್ನೊಂದು ಮಾರಾಟವಾಗುತ್ತದೆ ಎಂಬುದು ಕಾರಣವಲ್ಲ ಎಂದು ನಂಬಲು ನನಗೂ ಆಸೆ.

ಲಕ್ಷಣ: ಎಕ್ಸ್‌ಬಾಕ್ಸ್ 360ರ ಮುಂಭಾಗದಲ್ಲಿ ಮೂರು ಕೆಂಪು ದೀಪ.

ಅಂದಿನ ಆಟಗಾರರ ಮನೆಮದ್ದು, ಯಂತ್ರಕ್ಕೆ ಟವೆಲ್ ಸುತ್ತಿ ಇನ್ನಷ್ಟು ಬಿಸಿ ಮಾಡುವುದು. ಬಿಸಿಯಾಗಿ ತಣಿದು, ಬಿಸಿಯಾಗಿ ತಣಿದು ಒಳಗಿನ ಸೂಕ್ಷ್ಮ ಬೆಸುಗೆಗಳು ಒಡೆದ ಯಂತ್ರಕ್ಕೆ ಇದು ಎಂಥ ಚಿಕಿತ್ಸೆ ಎಂದು ನೀವೇ ಊಹಿಸಿ. 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ವಾರಂಟಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿ, ಅದಕ್ಕೆಂದು ನೂರು ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದಿಟ್ಟಿತು. ಇದು ಮೆಚ್ಚಬೇಕಾದ ಕೆಲಸ. 2021ರಲ್ಲಿ ಅದೇ ಕೆಂಪು ದೀಪದ ಪೋಸ್ಟರ್ ಮುದ್ರಿಸಿ ಅಭಿಮಾನಿಗಳಿಗೆ ಮಾರಿತು. ಇದನ್ನೂ ಮೆಚ್ಚಬೇಕು.

ಲಕ್ಷಣ: ‘ಈ ಸ್ಟಿಕ್ಕರ್ ಹರಿದರೆ ವಾರಂಟಿ ರದ್ದು.’

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ಆರು ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು. ಇಂಥ ಷರತ್ತು 1975ರ ವಾರಂಟಿ ಕಾನೂನಿಗೆ ವಿರುದ್ಧವಾಗಬಹುದು ಎಂಬುದು ಅದರ ಸಾರ. ಆ ಆರರಲ್ಲಿ ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೋ ಮೂರೂ ಇದ್ದವು. ನಮ್ಮಲ್ಲಿ ಸ್ಟಿಕ್ಕರಿಗೆ ಇನ್ನೂ ದೇವರ ಮೇಲಿನಷ್ಟೇ ಭಯಭಕ್ತಿ ಇದೆ.

ಲಕ್ಷಣ: ಬೇರೆ ಕಂಪನಿಯ ಕಂಟ್ರೋಲರ್ ಜೋಡಿಸಿದರೆ ಒಂದು ಸಂಕೇತ ಸಂಖ್ಯೆ ಬರುತ್ತದೆ.

2023ರ ನವೆಂಬರಿನಿಂದ ಎಕ್ಸ್‌ಬಾಕ್ಸ್‌ನಲ್ಲಿ ಅನುಮತಿಯಿಲ್ಲದ ಉಪಕರಣಗಳಿಗೆ ಪ್ರವೇಶವಿಲ್ಲ. ಪರಿಹಾರ: ಅನುಮತಿ ಇರುವುದನ್ನು ಕೊಳ್ಳಿ.

ಲಕ್ಷಣ: ಡಿಸ್ಕ್ ಡ್ರೈವ್ ಕೆಟ್ಟಿದೆ, ಹಳೆಯ ಯಂತ್ರದಿಂದ ಒಂದು ತಂದು ಹಾಕಿದರೆ ಬೋರ್ಡು ಒಪ್ಪುತ್ತಿಲ್ಲ.

ಡ್ರೈವು, ಬೋರ್ಡು ಎರಡಕ್ಕೂ ಕಾರ್ಖಾನೆಯಲ್ಲೇ ಗಂಟು ಹಾಕಿರುತ್ತಾರೆ. ಅಮೆರಿಕದಲ್ಲಿ 2021ರ ಅಕ್ಟೋಬರಿನವರೆಗೆ ಈ ಗಂಟು ಬಿಚ್ಚಿ ರಿಪೇರಿ ಮಾಡುವುದಕ್ಕೂ ಕಾಪಿರೈಟ್ ಕಾನೂನು ಅಡ್ಡ ಬರುತ್ತಿತ್ತು. ಆಗ ಕೊಟ್ಟ ವಿನಾಯಿತಿ ಡಿಸ್ಕ್ ಡ್ರೈವಿಗೆ ಮಾತ್ರ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ, ಗಂಟು ಬಿಚ್ಚುವ ಸಾಧನವನ್ನು ಯಾರೂ ಮಾರುವಂತಿಲ್ಲ.

ಹೀಗೇ ನಡೆಯಬೇಕೆಂದೇನೂ ಇಲ್ಲ. ವಾಲ್ವ್ ಕಂಪನಿ ತನ್ನ ಸ್ಟೀಮ್ ಡೆಕ್ ಎಂಬ ಗೇಮ್ ಯಂತ್ರ ಮಾರುಕಟ್ಟೆಗೆ ಬರುವ ಮೊದಲೇ, 2021ರಲ್ಲಿ, ಅದನ್ನು ಬಿಚ್ಚುವ ವಿಡಿಯೋ ತಾನೇ ಬಿಟ್ಟಿತು. ಬಿಚ್ಚದಿದ್ದರೆ ಒಳ್ಳೆಯದು, ಆದರೆ ಯಂತ್ರ ನಿಮ್ಮದು, ಬಿಚ್ಚುವ ಹಕ್ಕೂ ನಿಮ್ಮದು ಎಂಬುದು ಅದರ ಧಾಟಿ. ಬಿಡಿಭಾಗಗಳನ್ನು ಐಫಿಕ್ಸಿಟ್ ಎಂಬ ರಿಪೇರಿ ಕಂಪನಿಯ ಮೂಲಕ ಮಾರಲು ಏರ್ಪಾಡೂ ಮಾಡಿತು. ಕಂಪನಿ ಮುಳುಗಲಿಲ್ಲ.

ದೂರು ಸಲ್ಲಿಸುವುದು

ಮೊದಲು ನಿಮ್ಮ ಯಂತ್ರ ಈ ದೇಶಕ್ಕೆ ಅಧಿಕೃತವಾಗಿ ಬಂದಿದೆಯೇ ನೋಡಿಕೊಳ್ಳಿ. 2017ರ ನಿಂಟೆಂಡೋ ಸ್ವಿಚ್ ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆಯಾಗಲೇ ಇಲ್ಲ. ಇಲ್ಲಿ ಸಿಗುವುದು ಹೊರಗಿನಿಂದ ತರಿಸಿದ್ದು, ಅದರ ವಾರಂಟಿ ಅಂಗಡಿಯವರ ಮುಖದಾಕ್ಷಿಣ್ಯ.

ಯೂರೋಪಿನಲ್ಲಿ ಅದೇ ಸ್ವಿಚ್ಚಿನ ಜಾಯ್‌ಕಾನ್ ಕಂಟ್ರೋಲರಿನ ಡ್ರಿಫ್ಟ್ ಬಗ್ಗೆ ಗ್ರಾಹಕ ಸಂಘಟನೆಗಳ ಒಕ್ಕೂಟ ಸುಮಾರು 25,000 ದೂರು ಕೂಡಿಸಿ 2021ರಲ್ಲಿ ಯೂರೋಪಿಯನ್ ಕಮಿಷನ್ ಮುಂದಿಟ್ಟಿತು. 2023ರಲ್ಲಿ ನಿಂಟೆಂಡೋ ಅಲ್ಲಿ ವಾರಂಟಿ ಮುಗಿದ ಮೇಲೂ ಉಚಿತ ರಿಪೇರಿಗೆ ಒಪ್ಪಿತು. ವಿಮರ್ಶೆಯ ಯಾವ ಅಂಕಿಯೂ ಮಾಡದ ಕೆಲಸವನ್ನು ದೂರಿನ ಅಂಕಿ ಮಾಡಿತು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದಿದೆ. ಫೋನು, ಟೀವಿ, ಕಾರು, ಟ್ರ್ಯಾಕ್ಟರ್ ಕಂಪನಿಗಳು ಅಲ್ಲಿ ರಿಪೇರಿ ಮಾಹಿತಿ ಹಾಕುತ್ತಿವೆ. ಗೇಮ್ ಕನ್ಸೋಲನ್ನೂ ಆ ಸಾಲಿಗೆ ಸೇರಿಸಿ ಎಂದು ಕೇಳಬೇಕಾದವರು ನಾವು. ಕಂಟ್ರೋಲರ್ ಕೆಟ್ಟರೆ ಸುಮ್ಮನೆ ಹೊಸದು ಕೊಳ್ಳಬೇಡಿ. ಬಿಲ್ಲು ಕೈಯಲ್ಲಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಆಮೇಲೆ ಎಸ್‌ಪಿ ರಸ್ತೆಗೆ ಹೋಗಿ ಮ್ಯಾಗ್ನೆಟ್‌ದು ಹಾಕಿಸಿ.